ಹಣೆಯೊಳಗಿನ ಹಳದಿ ಗೆರೆ

ಮೊದಲ ದಿನವೇ ಟೀಚರಮ್ಮ ಷರತ್ತು ಹಾಕಿದರು.

"ನಿಮ್ಮ ಡಬ್ಬ ಕಟ್ಟಿ, ಬೇಡ ಅನ್ನೋಲ್ಲ. ಆದ್ರೆ ಅದ್ರೊಳಗೆ ಒಂದು ಜೀವಾನೂ ಸಾಯ್ಬಾರ್ದು."

ನಾನು ಕೈಯಲ್ಲಿ ಹಿಡಿದು ನಿಂತಿದ್ದದ್ದು ಸಾಯಿಸುವ ಡಬ್ಬವನ್ನೇ. ಬದಿಗಳಲ್ಲಿ ನಾಲ್ಕು ತೂತಿರುವ ಪ್ಲಾಸ್ಟಿಕ್ ಡಬ್ಬ, ಒಳಗೆ ತಂತಿಯಲ್ಲಿ ತೂಗುವ ಒಂದು ಪ್ಲೈವುಡ್ ಚೂರು. ಆ ಚೂರಿಗೆ ಎರಡು ವಸ್ತು ಕುಡಿಸಿರುತ್ತೇವೆ. ಒಂದು, ಗಂಡು ಹಣ್ಣುನೊಣಗಳನ್ನು ದೂರದಿಂದ ಎಳೆದು ತರುವ ಎಣ್ಣೆ. ಇನ್ನೊಂದು, ಬಂದದ್ದನ್ನು ಅಲ್ಲೇ ಕೆಡವುವ ವಿಷ. ವಾರಕ್ಕೊಮ್ಮೆ ಹೋಗಿ ಸತ್ತವನ್ನು ಸುರಿದು, ಜಾತಿ ಬೇರ್ಪಡಿಸಿ, ಎಣಿಸಿ, ಕೋಷ್ಟಕ ತುಂಬಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹದಿನಾರು ತೋಟಗಳಲ್ಲಿ ಯಾವ ಜಾತಿಯ ಹಣ್ಣುನೊಣ ಎಷ್ಟಿದೆ, ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಎರಡು ವರ್ಷ ನೋಡುವುದು ನನ್ನ ಕೆಲಸ. ಜಿನನಾಥಪುರದ ಈ ಸೀಬೆ ತೋಟ ಪಟ್ಟಿಯಲ್ಲಿ ಹದಿಮೂರನೆಯದು.

"ಸಾಯಿಸದೆ ನಾನು ಎಣಿಸೋದು ಹೇಗಮ್ಮ?" ಎಂದೆ.

"ಜೀವಂತ ಇರೋದನ್ನ ಎಣಿಸೋಕೆ ಬರೋಲ್ವಾ? ನಾನು ಮೂವತ್ತು ವರ್ಷ ನಲವತ್ತು ನಲವತ್ತು ಮಕ್ಕಳನ್ನ ಎಣಿಸಿದೀನಿ. ಅವೂ ಒಂದ್ಕಡೆ ನಿಲ್ತಿರ್ಲಿಲ್ಲ."

ಸಿಟ್ಟು ಬಂತು. ಅದರ ಹಿಂದೆಯೇ ನಗುವೂ ಬಂದದ್ದರಿಂದ ಸಿಟ್ಟು ತೋರಿಸಲಾಗಲಿಲ್ಲ. ಟೀಚರಮ್ಮ ಜೈನರ ಮನೆಯವರು, ನಿವೃತ್ತ ಪ್ರೈಮರಿ ಶಾಲಾ ಶಿಕ್ಷಕಿ. ತೋಟದಲ್ಲಿ ಅರವತ್ತು ಸೀಬೆ ಮರ. ಎಲ್ಲವನ್ನೂ ಅವರೇ ನಿಂತು ನೆಡಿಸಿದ್ದು. ಪ್ರತಿ ಮರದ ಬುಡದಲ್ಲಿ ಒಂದು ಚಪ್ಪಡಿ ಚೂರು, ಅದರ ಮೇಲೆ ಸುಣ್ಣದಲ್ಲಿ ಬರೆದ ಸಂಖ್ಯೆ. ಹಾಜರಿ ಕರೆಯುವ ಅಭ್ಯಾಸ ಹೋಗಿರಲಿಲ್ಲ. ಆ ತೋಟಕ್ಕೆ ಈವರೆಗೆ ಒಂದು ಹನಿ ಕೀಟನಾಶಕ ಬಿದ್ದದ್ದಿಲ್ಲ.

ತೋಟ ಬಿಟ್ಟು ಬೇರೆ ಹುಡುಕಿಕೊಳ್ಳೋಣ ಎನ್ನುವಂತೆಯೂ ಇರಲಿಲ್ಲ. ಬೇಲಿಯ ಆಚೆ ಮಾವಿನ ತೋಟ. ಹೀಗೆ ಸೀಬೆ, ಮಾವು ಮೈಗೆ ಮೈ ತಾಗಿಸಿಕೊಂಡಿರುವ ಜೋಡಿ ನಮ್ಮ ಪಟ್ಟಿಗೆ ಬೇಕೇಬೇಕಿತ್ತು. ಜೊತೆಗೆ ಅಲ್ಲೊಂದು ತಕರಾರು ಕುದಿಯುತ್ತಿತ್ತು. ಹಿಂದಿನ ವರ್ಷ ಮಾವಿನ ಯಜಮಾನರ ಫಸಲೆಲ್ಲ ಹುಳ ಬಿದ್ದು ಹೋಗಿತ್ತು. ಹೊರಗಿನಿಂದ ನೋಡಿದರೆ ಚಿನ್ನದಂಥ ಹಣ್ಣು, ಕೊಯ್ದರೆ ಒಳಗೆಲ್ಲ ಬಿಳಿ ಹುಳ. ಕೊಂಡವರು ಲಾರಿಯನ್ನೇ ವಾಪಸ್ಸು ಕಳಿಸಿದ್ದರಂತೆ. ಹಣ್ಣುನೊಣಕ್ಕೆ ನಮ್ಮ ಕಡೆ ಊಜಿ ಅನ್ನುತ್ತಾರೆ.

"ಆಯಮ್ಮನ ಸೀಬೆ ತ್ವಾಟವೇ ಊಜಿಗೆ ತವ್ರು ಕಣವ್ವ," ಎಂದಿದ್ದರು ಯಜಮಾನರು. "ನನ್ ಮಾವು ವರ್ಸಕ್ಕೊಂದ್ಸಲ ಬಿಡ್ತದೆ. ಸೀಬೆ ವರ್ಸೆಲ್ಲ ಅಷ್ಟೋ ಇಷ್ಟೋ ಕಾಯಿ ಬಿಡ್ತಾನೇ ಇರ್ತದೆ. ಅಲ್ಲಿ ಉಂಡು ಬೆಳ್ಕೊಂಡು, ನನ್ ಹಣ್ಣು ಬಲಿಯೋ ಒತ್ಗೆ ಇಲ್ಲಿಗೆ ಬಂದ್ಬುಡ್ತವೆ."

ಮಾತಿನಲ್ಲಿ ಹುರುಳಿತ್ತು. ಪುಸ್ತಕದಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಹಾಲಿನ ಡೇರಿಯ ಜಗಲಿಯಲ್ಲಿ ಬೆಳೆಗಾರರು ಸೇರಿದಾಗ ಟೀಚರಮ್ಮ ಎದ್ದು ನಿಂತು ಹೇಳಿದ್ದರು: "ಈ ಹುಡುಗಿ ಎಣಿಸ್ತಾಳೆ. ಲೆಕ್ಕ ನನ್ನ ಮರಗಳ ಮೇಲೆ ಬಂದ್ರೆ ನಾನೇ ಮರ ಕಡಿಸ್ತೀನಿ. ಔಷಧಿ ಮಾತ್ರ ಹೊಡೆಸೋಲ್ಲ. ಮರ ಕಡಿಯೋದೂ ಪಾಪವೇ, ಆದ್ರೆ ಇನ್ನೊಬ್ಬರ ಅನ್ನಕ್ಕೆ ನಾನು ಕಲ್ಲು ಹಾಕಬಾರದು." ಅಲ್ಲಿಗೆ ಅರವತ್ತು ಮರಗಳ ಅಳಿವು ಉಳಿವು ನನ್ನ ಕೋಷ್ಟಕಕ್ಕೆ ಬಂದು ನಿಂತಿತು.

ನೀರಿನ ಬಾಟಲಿಗೆ ಆಲಿಕೆ ಕೂರಿಸಿ, ಒಳಗೆ ಹೋದ ನೊಣ ಹೊರಗೆ ಬಾರದಂಥ ಡಬ್ಬ ಮಾಡಿದೆ. ವಿಷವಿಲ್ಲ. ಎಣ್ಣೆಯನ್ನು ಹತ್ತಿಗೆ ಹಾಕಿ, ನೊಣ ಕುಡಿದು ಖಾಲಿ ಮಾಡದಂತೆ ಸಣ್ಣ ಜಾಲರಿ ಗೂಡಿನಲ್ಲಿ ಮುಚ್ಚಿದೆ. ಬಿಸಿಲಿಗೆ ಒಳಗೇ ಸತ್ತುಹೋಗಬಾರದೆಂದು ದಿನಾ ಬೆಳಿಗ್ಗೆ ಟೀಚರಮ್ಮನೇ ಎಣಿಸಿ, ಬರೆದು, ಬಿಡುವುದು ಎಂದಾಯಿತು. "ಎಣಿಸಿ ಬಿಟ್ಟುಬಿಡಿ" ಎಂದು ನಾನು ಹೇಳಿದೆ. ಈ ಎರಡು ಪದಗಳನ್ನು ಆಮೇಲೆ ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಜಾತಿ ಗುರುತಿಸಲು ಅವರಿಗೆ ಒಂದು ಭೂತಗನ್ನಡಿ ಕೊಟ್ಟೆ. ಇಲ್ಲಿ ಸಿಗುವುದು ಮುಖ್ಯವಾಗಿ ಎರಡು. ಒಂದರ ರೆಕ್ಕೆಯ ಅಂಚಿಗೆ ಉದ್ದಕ್ಕೂ ಕಂದು ಪಟ್ಟಿ, ಹೊಟ್ಟೆಯ ಮೇಲೆ ಕಪ್ಪು ಗೆರೆ. ಇನ್ನೊಂದರ ರೆಕ್ಕೆಯ ಪಟ್ಟಿ ನಡುವೆ ಕಡಿದು, ತುದಿಯಲ್ಲಿ ಒಂದು ಮಚ್ಚೆ ಮಾತ್ರ ಉಳಿದಿರುತ್ತದೆ, ಮುಖದ ಮೇಲೆ ಅಡ್ಡಕ್ಕೆ ಎರಡು ಕಪ್ಪು ಚುಕ್ಕಿ. ಟೀಚರಮ್ಮ ಕನ್ನಡಿಗೆ ಕಣ್ಣಿಟ್ಟರು.

"ಇದಕ್ಕೂ ಮುಖ ಇದೆ ಕಣಮ್ಮ," ಎಂದರು. "ಇಷ್ಟು ದಿನ ನಾನು ಬರೀ ರೆಕ್ಕೆ ಅಂದ್ಕೊಂಡಿದ್ದೆ."

ಹತ್ತು ವಾರ ನಾನು ಸುತ್ತಿದೆ. ಸೋಮವಾರ ಅರಕಲಗೂಡು, ಮಂಗಳವಾರ ಹೊಳೆನರಸೀಪುರದ ಹೊಳೆದಂಡೆಯ ಸಪೋಟ ತೋಟಗಳು, ಗುರುವಾರ ಚನ್ನರಾಯಪಟ್ಟಣದಿಂದ ಜಿನನಾಥಪುರ. ಉಳಿದ ದಿನ ಹಾಸನದ ಕಚೇರಿಯಲ್ಲಿ ಕೂತು ಎಣಿಕೆ. ಒಣ ದಿನಗಳಲ್ಲಿ ಚುಕ್ಕಿ ಮುಖದವು ಹೆಚ್ಚು. ಒಂದು ಮಳೆ ಬಿದ್ದರೆ ಸಾಕು, ಎಲ್ಲಿದ್ದವೋ ಎಂಬಂತೆ ಪಟ್ಟಿ ರೆಕ್ಕೆಯವು ಮೇಲೇಳುತ್ತಿದ್ದವು. ನಾಲ್ಕು ತಾಲ್ಲೂಕಿನಲ್ಲೂ ಒಟ್ಟಿಗೆ, ಯಾರೋ ಗಂಟೆ ಬಾರಿಸಿದ ಹಾಗೆ. ತೋಟಕ್ಕೊಂದರಂತೆ ಹಾಳೆಯ ಮೇಲೆ ಎಳೆದ ಗೆರೆಗಳು ಒಟ್ಟಿಗೆ ಏರುವುದನ್ನು ನೋಡುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು.

ಹದಿಮೂರನೆಯ ತೋಟದ ಗೆರೆ ಮಾತ್ರ ಎಲ್ಲವನ್ನೂ ಮೀರಿ ನೆಟ್ಟಗೆ ಏರಿತು. ಪಕ್ಕದ ಮಾವಿನ ತೋಟದ ಗೆರೆ ಅದರ ಕಾಲಬುಡದಲ್ಲಿ. ನಮ್ಮ ಮೇಲಧಿಕಾರಿ ಅದನ್ನು ನೋಡಿ, "ಇಷ್ಟು ಸ್ಪಷ್ಟವಾದ ಗೆರೆ ಅಪರೂಪ" ಎಂದರು. ನಾನು ಹಿಗ್ಗಿದೆ. ಏಪ್ರಿಲ್ ಕೊನೆಯಲ್ಲಿ ಡೇರಿ ಜಗಲಿಗೆ ಹೋಗಿ, ಎಲ್ಲರೆದುರು ಆ ಹಾಳೆ ಬಿಡಿಸಿ ತೋರಿಸಿದೆ. ಟೀಚರಮ್ಮ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಬೆರಳಿಟ್ಟು ನೋಡಿ, "ಸರಿ" ಎಂದರು. ಮುಂದಿನ ಸೋಮವಾರಕ್ಕೆ ಮರ ಕಡಿಯುವವರನ್ನು ಗೊತ್ತು ಮಾಡಿದರು.

ಗುರುವಾರ ಎಂದಿನಂತೆ ಹೋದೆ. ಡಬ್ಬ ಬಿಚ್ಚಿಕೊಂಡು ಬರುವುದಷ್ಟೇ ಕೆಲಸ. ಟೀಚರಮ್ಮ ತೋಟದ ಬಾವಿಯ ಹತ್ತಿರವಿದ್ದರು. ಕೊಡದ ಬಾಯಿಗೆ ಎರಡು ಮಡಿಕೆಯ ಬಟ್ಟೆ ಕಟ್ಟಿ, ಸೇದಿದ ನೀರನ್ನು ಅದರ ಮೇಲೆ ಸುರಿಯುತ್ತಿದ್ದರು. ಸೋಸಿ ಕುಡಿಯುವುದು ಅವರ ಮನೆಯ ಪದ್ಧತಿ ಎಂದು ಗೊತ್ತಿತ್ತು. ಆಮೇಲೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಲ್ಲೇ ಅದನ್ನು ಬಿಂದಿಗೆಗೆ ಜಾಲಿಸಿ, ಆ ಬಿಂದಿಗೆಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿ, ನೀರಿನ ಮಟ್ಟಕ್ಕೆ ಹೋದ ಮೇಲೆ ಒರಗಿಸಿದರು.

"ಏನಮ್ಮ ಇದು?"

"ಬಟ್ಟೆಗೆ ಸಿಕ್ಕಿದ ಜೀವಗಳು. ಎಲ್ಲಿಂದ ಬಂದ್ವೋ ಅಲ್ಲಿಗೇ ಬಿಡ್ಬೇಕು. ಈ ಬಾವಿದು ಈ ಬಾವಿಗೇ. ಮೇಲಿಂದ ಚೆಲ್ಲಿದ್ರೆ ಪೆಟ್ಟಾಗುತ್ತೆ, ಅದಕ್ಕೆ ಇಳಿಸೋದು."

ನಾನು ಮರದಲ್ಲಿ ತೂಗುತ್ತಿದ್ದ ಡಬ್ಬದತ್ತ ತಿರುಗಿದೆ. "ಟೀಚರಮ್ಮ, ಡಬ್ಬದ ನೊಣಗಳನ್ನ ಎಲ್ಲಿ ಬಿಡ್ತಿದ್ರಿ?"

"ಹಿಡಿದ ಮರದ ಬುಡದಲ್ಲೇ. ಮತ್ತೆಲ್ಲಿ?"

"ದಿನಾ?"

"ದಿನಾ. ಒಂದಕ್ಕೆ ಎಡ ರೆಕ್ಕೆ ತುದಿ ಹರಿದಿದೆ, ಪಾಪ. ಬಿಟ್ಟರೆ ಮಾರನೇ ದಿನ ಮತ್ತೆ ಡಬ್ಬದಲ್ಲಿ ಕೂತಿರುತ್ತೆ. ಬಂದ್ಯೇನಪ್ಪ ಅಂತ ಕೇಳಿ ಮತ್ತೆ ಬಿಡ್ತೀನಿ."

"ಅದನ್ನೂ ಪ್ರತಿ ಸಲ ಎಣಿಸ್ತಿದ್ರಾ?"

"ನೀವು ಎಣಿಸಿ ಅಂದ್ರಿ. ಎಣಿಸ್ದೆ."

ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಉಳಿದ ಹದಿನೈದು ತೋಟಗಳಲ್ಲಿ ನೊಣ ಡಬ್ಬಕ್ಕೆ ಬರುತ್ತದೆ, ಸಾಯುತ್ತದೆ, ಒಮ್ಮೆ ಎಣಿಕೆಗೆ ಬರುತ್ತದೆ. ಇಲ್ಲಿ ಅದೇ ನೊಣ ಹತ್ತು ವಾರದಿಂದ ಮತ್ತೆ ಮತ್ತೆ ಹಾಜರಿ ಹಾಕಿಸಿಕೊಂಡಿದೆ. ಆ ಎರಡೂ ಲೆಕ್ಕವನ್ನು ಒಂದೇ ಹಾಳೆಯ ಮೇಲೆ ಗೆರೆ ಎಳೆದು ಹೋಲಿಸಿದ ಬುದ್ಧಿವಂತೆ ನಾನು. ಸಾಮಾನ್ಯವಾಗಿ ಆ ಎಣ್ಣೆಯನ್ನು ಒಮ್ಮೆ ನೆಕ್ಕಿದ ಗಂಡು ನೊಣಕ್ಕೆ ಎಷ್ಟೋ ದಿನ ಅದರ ಆಸೆ ತಗ್ಗುತ್ತದೆ. ನಾನೋ ಅದನ್ನು ಜಾಲರಿಯೊಳಗೆ ಬಚ್ಚಿಟ್ಟಿದ್ದೆ. ವಾಸನೆ ಸಿಗುತ್ತದೆ, ರುಚಿ ಸಿಗುವುದಿಲ್ಲ. ಹಾಗಾಗಿ ಅವು ಬಂದೇ ಬಂದವು. ನಾಚಿಕೆಯಲ್ಲಿ ಕೂತಿದ್ದರೂ ಆ ಹರಿದ ರೆಕ್ಕೆಯ ನೊಣವನ್ನು ನೆನೆದು ಬೆರಗಾಯಿತು. ಸಿಕ್ಕಿಬೀಳುತ್ತೇನೆಂದು ಗೊತ್ತಿದ್ದೋ ಗೊತ್ತಿಲ್ಲದೆಯೋ, ಒಂದು ಹನಿ ವಾಸನೆಗಾಗಿ ಅದು ದಿನವೂ ಬಂದಿತ್ತು.

ಮೇಲಧಿಕಾರಿಗೆ ಅಲ್ಲಿಂದಲೇ ಫೋನು ಮಾಡಿದೆ. "ನಾನೂ ಕೇಳಬೇಕಿತ್ತು, ಕೇಳಲಿಲ್ಲ. ಮೊದಲು ಹೋಗಿ ಅವರಿಗೆ ಹೇಳು. ಲೆಕ್ಕ ಸರಿಮಾಡೋದು ಆಮೇಲೆ," ಎಂದರು.

ಸಂಜೆ ಹಾಲು ಹಾಕುವ ಹೊತ್ತಿಗೆ ಜಗಲಿಯ ಮುಂದೆ ನಿಂತೆ. ಕ್ಯಾನು ಹಿಡಿದವರು, ಸಾಲಿನಲ್ಲಿದ್ದವರು ಎಲ್ಲರೂ ತಿರುಗಿ ನೋಡಿದರು. ನಾನು ತೋರಿಸಿದ ಗೆರೆ ತಪ್ಪು, ತಪ್ಪು ಟೀಚರಮ್ಮನದಲ್ಲ, ನನ್ನದು ಎಂದು ಹೇಳಿದೆ. ಮರ ಕಡಿಯುವುದನ್ನು ಆರು ವಾರ ನಿಲ್ಲಿಸಿ ಎಂದು ಕೇಳಿಕೊಂಡೆ.

ಮಾವಿನ ಯಜಮಾನರು ಕೆಂಡವಾದರು. "ಮೊನ್ನೆ ಸರಿ ಅಂದೆ, ಇವತ್ತು ತಪ್ಪು ಅಂತೀಯ, ನಾಳಿಕ್ಕೆ ಏನಂತೀಯವ್ವ? ಆರು ವಾರಕ್ಕೆ ನನ್ ಹಣ್ಣು ಕೀಳೋ ಒತ್ತಾಯ್ತದೆ. ಈ ಸಲಾನೂ ಉಳ ಬಿದ್ರೆ ನಾನ್ ಯಾರ್ನ ಕೇಳ್ಲಿ?" ಆಮೇಲೆ ಸುತ್ತಲಿನವರನ್ನು ನೋಡಿ, ಅಣಕದ ದನಿಯಲ್ಲಿ, "ಯಾವ್ ಊಜಿ ಯಾರ್ ತ್ವಾಟ್ದಾಗೆ ಉಟ್ಟಿದ್ದು ಅಂತ ಏಳೋಕಾಯ್ತದಾ ನಿಂಗೆ? ಅದ್ರ ಅಣೆ ಮ್ಯಾಲೆ ಬರ್ದಿರ್ತದಾ?" ಎಂದರು.

ಜಗಲಿಯೆಲ್ಲ ನಕ್ಕಿತು. ನಾನು ನಗಲಿಲ್ಲ. "ಬರೀಬಹುದು ಯಜಮಾನ್ರೇ," ಎಂದೆ.

ಆ ವಿಧಾನವನ್ನು ನಾನು ಓದಿದ್ದೆ, ಕೈಯಾರೆ ಮಾಡಿರಲಿಲ್ಲ. ಕಚೇರಿಯ ಬೀರುವಿನಲ್ಲಿ ಹಿಂದೆ ಯಾರೋ ತರಿಸಿ ಮರೆತ ಎರಡು ಪೊಟ್ಟಣ ಹೊಳೆಯುವ ಪುಡಿ ಇತ್ತು, ಒಂದು ಹಳದಿ, ಒಂದು ಗುಲಾಬಿ. ನೋಟು ಪರೀಕ್ಷಿಸುವ ನೀಲಿ ಟಾರ್ಚು ಬಿಟ್ಟರೆ ಅದು ಉರಿಯುವ ಹಾಗೆ ಬೆಳಗುತ್ತದೆ. ಕೆಲಸ ಹೀಗೆ: ಅಗಲವಾದ ತಟ್ಟೆಗೆ ಸೋಸಿದ ಮರಳು ತುಂಬಿ, ಪುಡಿ ಬೆರೆಸಿ, ಮರದ ಕೆಳಗಿಡಬೇಕು. ಮೇಲೆ ಅಗಲ ಕಣ್ಣಿನ ಜಾಲರಿ ಹಾಸಿ, ಅದೇ ಮರದಿಂದ ಬಿದ್ದ ಹಣ್ಣುಗಳನ್ನು ಅದರ ಮೇಲೆ ಇಡಬೇಕು. ಹಣ್ಣಿನೊಳಗೆ ಬಲಿತ ಹುಳ ಹೊರಬಿದ್ದು ಮರಳಿಗೆ ಇಳಿದು, ಕೋಶ ಕಟ್ಟಿಕೊಳ್ಳುತ್ತದೆ. ಎಂಟು ಹತ್ತು ದಿನಕ್ಕೆ ನೊಣವಾಗಿ ಮೇಲೆದ್ದು ತನ್ನ ಪಾಡಿಗೆ ಹಾರಿಹೋಗುತ್ತದೆ. ನಾವು ಸಾಕುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಹೇಗಿದ್ದರೂ ಹುಟ್ಟುವ ನೊಣಕ್ಕೆ ಹುಟ್ಟುವಾಗಲೇ ಗುರುತು ಬೀಳುತ್ತದೆ. ಸೀಬೆ ತೋಟದಲ್ಲಿ ಹಳದಿ ಮರಳು, ಮಾವಿನ ತೋಟದಲ್ಲಿ ಗುಲಾಬಿ.

"ಉಳ ಸಾಯ್ಸೋಕೆ ಅಂತ ಬಂದೋಳು ಉಳುಕ್ಕೆ ಬಾಣಂತನ ಮಾಡ್ತಾವ್ಳೆ," ಎಂದು ಯಜಮಾನರು ಊರೆಲ್ಲ ಹೇಳಿಕೊಂಡು ಬಂದರು. ಆದರೂ ತಟ್ಟೆ ಇಡಲು ಜಾಗ ಬಿಟ್ಟರು.

ಮೊದಲ ಸಲ ಎಲ್ಲ ಕೆಟ್ಟಿತು. ಮೂರನೆಯ ದಿನ ಮುಂಗಾರುಪೂರ್ವದ ಒಂದು ಜೋರು ಮಳೆ ಬಂದು ಹಳದಿ ಪುಡಿಯೆಲ್ಲ ಕೊಚ್ಚಿ ಬಾವಿಯ ದಾರಿಗೆ ಹರಿಯಿತು. ಮಾವಿನ ತೋಟದಲ್ಲಿ ಮಳೆಗಿಂತ ಮೊದಲೇ ಯಜಮಾನರ ಕೋಳಿಗಳು ತಟ್ಟೆ ಕೆದಕಿ ಹುಳ ಹೆಕ್ಕಿದ್ದವು. ಆರು ವಾರದಲ್ಲಿ ಒಂದು ವಾರ ಹೀಗೆ ಹೋಯಿತು. "ನೋಡ್ಬಾರವ್ವ ಇಲ್ಲಿ, ನಮ್ ಕೋಳಿ ಕಾಲೆಲ್ಲ ಮದ್ವೆ ಎಣ್ಣಿನ್ ಕಾಲಾಗವೆ," ಎಂದು ಯಜಮಾನರು ಕರೆದರು. ಅಳು ಬರುವಂತಿದ್ದರೂ ನಕ್ಕೆ. ಪೊಟ್ಟಣಗಳಲ್ಲಿ ಉಳಿದ ಪುಡಿ ತೋಟಕ್ಕೊಂದು ತಟ್ಟೆಗಷ್ಟೇ ಸಾಲುತ್ತಿತ್ತು. ಈ ಸಲ ಯಜಮಾನರೇ ತೆಂಗಿನ ಗರಿಯ ಚಪ್ಪರ ಹಾಕಿ, ಸುತ್ತ ಬಲೆ ಕಟ್ಟಿಕೊಟ್ಟರು. ಟೀಚರಮ್ಮನ ತಟ್ಟೆಗೂ ಗರಿ ತಂದು ಹಾಕಿದರು. ಎರಡು ಮನೆಯವರ ನಡುವೆ ಮಾತು ಮಾತ್ರ ಇರಲಿಲ್ಲ.

ಎರಡನೆಯ ಸಲದ ತಟ್ಟೆಗಳನ್ನು ನೋಡುತ್ತ ನಾನು ಮೊದಲ ಬಾರಿಗೆ ಆ ಹುಳ ನೆಗೆಯುವುದನ್ನು ಕಂಡೆ. ಕಾಲಿಲ್ಲದ ಅಕ್ಕಿ ಕಾಳಿನಷ್ಟು ಹುಳ. ಹಣ್ಣಿನ ತೂತಿನಿಂದ ಹೊರಬಂದು, ಮೈ ಬಗ್ಗಿಸಿ ಬಾಯಿಯಿಂದ ಬಾಲ ಕಚ್ಚಿ, ಬಿಲ್ಲಿನಂತೆ ಬಿಗಿದು, ಟಪ್ಪನೆ ಬಿಟ್ಟುಕೊಂಡಿತು. ಒಂದು ಗೇಣು ದೂರ ಹೋಗಿ ಮರಳಿನಲ್ಲಿ ಬಿದ್ದು, ಕಣ್ಣೆದುರೇ ಮುಳುಗಿತು. ನಾಲ್ಕು ತಾಲ್ಲೂಕಿನ ಸತ್ತ ನೊಣಗಳನ್ನು ಚಿಮುಟದಲ್ಲಿ ಎತ್ತಿ ಎಣಿಸಿದ ನಾನು, ಅದು ಬದುಕುವುದನ್ನು ಒಂದು ದಿನವೂ ಕೂತು ನೋಡಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ನಲವತ್ತೊಂದನೆಯ ಮರದ ಕೆಳಗೆ ಟೀಚರಮ್ಮ, ನಾನು ಚಾಪೆ ಹಾಕಿ ಕೂತಿದ್ದೆವು. ಮರಳು ಒಂದು ಕಡೆ ಅಲುಗಿತು. ಮೊದಲು ಒಂದು ಗುಳ್ಳೆ ಬಂತು. ನೀರಿನ ಗುಳ್ಳೆಯಲ್ಲ, ನೊಣದ ಹಣೆ. ಹೊರಬರುವ ನೊಣಕ್ಕೆ ಕೋಶ ಒಡೆಯಲು ಹಲ್ಲಿಲ್ಲ, ಉಗುರಿಲ್ಲ. ಹಣೆ ನಡುವೆ ಬಿರಿದು, ಒಳಗಿನಿಂದ ಒಂದು ತೆಳು ಚೀಲ ಉಬ್ಬುತ್ತದೆ. ಉಬ್ಬಿ, ಕುಗ್ಗಿ, ಮತ್ತೆ ಉಬ್ಬಿ, ಆ ಚೀಲದಿಂದಲೇ ಕೋಶದ ಮುಚ್ಚಳ ತಳ್ಳಿ, ಅದರಿಂದಲೇ ಮರಳು ಸರಿಸುತ್ತ ಬೆಳಕಿಗೆ ಬರುತ್ತದೆ. ಹೊರಬಂದ ಮೇಲೆ ಚೀಲ ಒಳಗೆ ಹೋಗುತ್ತದೆ. ಹಣೆ ಮುಚ್ಚಿಕೊಂಡು ಬರೀ ಒಂದು ಗೆರೆ ಉಳಿಯುತ್ತದೆ. ಮತ್ತೆಂದೂ ಅದು ತೆರೆಯುವುದಿಲ್ಲ.

ಪುಸ್ತಕದಲ್ಲಿ ನಾನು ಓದಿದ್ದು ಇಷ್ಟೇ: ಚೀಲಕ್ಕೆ ಮೆತ್ತಿದ ಬಣ್ಣ ಚೀಲದ ಜೊತೆ ಒಳಗೆ ಹೋಗಿ, ಆ ಗೆರೆಯಲ್ಲಿ ಉಳಿಯುತ್ತದೆ. ಮೈ ಮೇಲಿನ ಪುಡಿಯನ್ನು ನೊಣ ಗಂಟೆಯೊಳಗೆ ಕಾಲಿನಿಂದ ಉಜ್ಜಿ ತೊಳೆದುಕೊಳ್ಳುತ್ತದೆ, ಹಣೆಯೊಳಗಿನದನ್ನು ತೊಳೆಯಲಾಗುವುದಿಲ್ಲ. ಹುಟ್ಟಿದ ಮಣ್ಣಿನ ಬಣ್ಣ ಸಾಯುವವರೆಗೂ ಅಲ್ಲೇ.

ಯಾವಾಗ ಬಂದರೋ, ಬೇಲಿಯ ಕಿಂಡಿಯಲ್ಲಿ ಮಾವಿನ ಯಜಮಾನರು ನಿಂತಿದ್ದರು. ಕರೆದೆ. ಟೀಚರಮ್ಮ ಸರಿದು ಚಾಪೆಯಲ್ಲಿ ಜಾಗ ಬಿಟ್ಟರು. ನೀಲಿ ಬೆಳಕು ಕಾಣಲು ಕತ್ತಲೆ ಬೇಕು. ಮೇ ತಿಂಗಳ ಬಿಸಿಲಲ್ಲಿ ನಾವು ಮೂವರೂ ಒಂದೇ ಕಂಬಳಿ ಹೊದ್ದು, ಬೆವರು ಸುರಿಸುತ್ತ, ತಟ್ಟೆಯ ಮೇಲೆ ಬಗ್ಗಿದೆವು. ರೆಕ್ಕೆ ಇನ್ನೂ ಮುದುಡಿದ್ದ, ಬಣ್ಣ ಬಾರದ ಎಳೆಯ ನೊಣ. ಟಾರ್ಚು ಹಾಕಿದೆ. ಹಣೆಯ ಮೇಲೆ, ಕೂದಲಿನಷ್ಟು ಸಣ್ಣಗೆ, ಹಳದಿ ಗೆರೆ ಬೆಳಗಿತು.

"ಅಣೆ ಒಡ್ಕೊಂಡು ಉಟ್ತಲ್ಲ ಕಣವ್ವ ಇದು," ಎಂದರು ಯಜಮಾನರು. ದನಿಯಲ್ಲಿ ಅಣಕವಿರಲಿಲ್ಲ. ಕಂಬಳಿಯೊಳಗೆ ಟೀಚರಮ್ಮ ಕೈ ಮುಗಿದದ್ದು ನನ್ನ ಮೊಣಕೈಗೆ ತಾಗಿ ಗೊತ್ತಾಯಿತು.

ಹುಟ್ಟಿದ ಗಂಡು ನೊಣ ಆ ಎಣ್ಣೆಯ ವಾಸನೆಗೆ ಸೋಲುವಷ್ಟು ಬಲಿಯಲು ಇನ್ನೂ ಹತ್ತು ಹದಿನೈದು ದಿನ ಬೇಕು. ಕಾದೆವು. ಆಮೇಲೆ ಮಾವಿನ ಡಬ್ಬದ ಸತ್ತ ನೊಣಗಳನ್ನು ಒಂದೊಂದಾಗಿ ಟಾರ್ಚಿನಡಿ ಹಿಡಿದೆ. ಸೀಬೆ ಡಬ್ಬದವನ್ನು ಕೊಲ್ಲುವಂತಿಲ್ಲವಲ್ಲ, ಗಾಜಿನ ಕೊಳವೆಗೆ ಹಾಕಿ, ಶ್ರವಣಬೆಳಗೊಳದ ಸೋಡಾ ಅಂಗಡಿಯಿಂದ ಫ್ಲಾಸ್ಕಿನಲ್ಲಿ ತಂದ ಮಂಜುಗಡ್ಡೆಯಲ್ಲಿ ನಾಲ್ಕು ನಿಮಿಷ ಇಡುತ್ತಿದ್ದೆ. ಸತ್ತಂತೆ ಬೀಳುತ್ತಿದ್ದವು. ಹಣೆ ನೋಡಿ, ಬೆನ್ನಿಗೆ ಒಂದು ಚುಕ್ಕೆ ಬಣ್ಣ ಇಡುತ್ತಿದ್ದೆ, ಮತ್ತೆ ಬಂದರೆ ಎಣಿಸಬಾರದೆಂದು. ಬಿಸಿಲಿಗೆ ಇಟ್ಟ ಕೂಡಲೇ ಕಾಲಾಡಿಸಿ ಎದ್ದು, ಮುಖ ಒರೆಸಿಕೊಂಡು ಹಾರುತ್ತಿದ್ದವು. ಒಂದು ಎದ್ದು ಹಾರಿದ ಮೇಲೆಯೇ ಟೀಚರಮ್ಮ ಮುಂದಿನ ಕೊಳವೆಯನ್ನು ಕೈಗೆ ಕೊಡುತ್ತಿದ್ದರು.

ಜೂನಿನಲ್ಲಿ ಮತ್ತೆ ಅದೇ ಜಗಲಿ. ಈ ಸಲ ಹಾಳೆ ಬಿಡಿಸಲಿಲ್ಲ. ಎರಡು ತೋಟದ ನೊಣಗಳನ್ನೇ ತಂದಿದ್ದೆ. ಡೇರಿಯ ಒಳಕೋಣೆಯ ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ ಕರೆದು ಟಾರ್ಚಿನಲ್ಲಿ ತೋರಿಸಿದೆ. ಮಾವಿನ ಯಜಮಾನರೇ ಮೊದಲು ಬಂದರು.

"ಇದು ನಿಮ್ಮ ತೋಟದ ಡಬ್ಬ. ನೋಡಿ, ಬಹುಪಾಲಕ್ಕೆ ಬಣ್ಣವೇ ಇಲ್ಲ. ನಮ್ಮ ತಟ್ಟೆ ಎಲ್ಲ ಹಣ್ಣಿಗೂ ಸಾಲಲಿಲ್ಲ, ಜೊತೆಗೆ ಹೊರಗಿನಿಂದ ಬಂದವೂ ಇವೆ. ಯಾವುದು ಯಾವುದು ಅಂತ ನಾನು ಹೇಳಲಾರೆ. ಬಣ್ಣ ಇರೋವು ಇವಿಷ್ಟು."

ಅವರು ಬಗ್ಗಿ, ಬೆರಳಿಟ್ಟು ಎಣಿಸಿದರು. ಹಳದಿ ಕೆಲವು. ಗುಲಾಬಿ ಅದಕ್ಕಿಂತ ಹೆಚ್ಚು.

"ಗುಲಾಬಿ ನಂದಲ್ವಾ?"

"ಹೌದು."

"ಆ ಕಡೆ ತಟ್ಟೇದು?"

"ಅದು ಟೀಚರಮ್ಮನ ಡಬ್ಬದ್ದು. ಜೀವ ಇದೆ, ಈಗ ಏಳ್ತಾವೆ, ಬೇಗ ನೋಡಿ."

ನೋಡಿದರು. ಅಲ್ಲೂ ಹಳದಿಯ ನಡುವೆ ಗುಲಾಬಿ ಗೆರೆಗಳು ಬೆಳಗುತ್ತಿದ್ದವು. ಯಜಮಾನರು ಟಾರ್ಚು ಆರಿಸಿದರು. ಹೊರಗೆ ಬಂದು ಜಗಲಿಯ ಮೇಲಿದ್ದ ಟೀಚರಮ್ಮನ ಎದುರು ಟವೆಲ್ಲು ಕೈಗೆ ತೆಗೆದುಕೊಂಡರು.

"ನಂದೂ ನಿಮ್ ತ್ವಾಟಕ್ಕೆ ಬಂದೈತೆ ಕಣ್ರವ್ವ. ಬಿದ್ದ ಹಣ್ಣ ನಾನೂ ಆಯ್ದಾಕಿಲ್ಲ, ಮರದಡೀಲೇ ಕೊಳೆಯೋಕ್ ಬಿಟ್ಟಿದ್ದೆ. ಮರ ಕಡಿಯೋರ್ಗೆ ಬ್ಯಾಡ ಅಂತ ಏಳ್ಕಳ್ಸಿ."

ಟೀಚರಮ್ಮ ಮಾತ್ರ ಸುಲಭವಾಗಿ ಒಪ್ಪಲಿಲ್ಲ. "ಹಳದೀನೂ ನಾಲ್ಕು ಇದ್ವಲ್ಲಪ್ಪ. ನಾನು ಸುಮ್ನೆ ಕೂರೋ ಹಾಗಿಲ್ಲ," ಎಂದರು. ಎಳೆಗಾಯಿಗೇ ಕಾಗದದ ಚೀಲ ಕಟ್ಟಿದರೆ ನೊಣ ಮೊಟ್ಟೆ ಇಡಲಾಗುವುದಿಲ್ಲ, ತಡೆಯುವುದು ಕೊಲ್ಲುವುದಲ್ಲವಲ್ಲ ಎಂದು ನಾನು ಹೇಳಿದ್ದನ್ನು ಅವರು ಹಿಡಿದುಕೊಂಡರು. ಅಟ್ಟದಲ್ಲಿ ಮೂವತ್ತು ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳಿದ್ದವು. ಜುಲೈನಲ್ಲಿ ಹೋದಾಗ ಮರಗಳ ತುಂಬ 'ಬಿಟ್ಟ ಸ್ಥಳ ತುಂಬಿರಿ', 'ಹೊಂದಿಸಿ ಬರೆಯಿರಿ' ಎಂಬ ಚೀಲಗಳು ತೂಗುತ್ತಿದ್ದವು. ಬೇಲಿಯ ಆಚೆ ಯಜಮಾನರು ಬುಟ್ಟಿ ಹಿಡಿದು ಉದುರು ಹಣ್ಣು ಆಯುತ್ತಿದ್ದರು.

ಆ ತಿಂಗಳ ಕೊನೆಯ ಗುರುವಾರ, ಚನ್ನರಾಯಪಟ್ಟಣದ ಆಚೆ, ಹೆದ್ದಾರಿ ಪಕ್ಕದ ತೋಟದ ಡಬ್ಬ ಸುರಿದುಕೊಂಡು ಕೂತಿದ್ದೆ. ತೆಂಗಿನ ನಡುವೆ ಹತ್ತಾರು ಸಪೋಟ ಮರವಿರುವ ತೋಟ. ಅಭ್ಯಾಸಬಲದಿಂದ ಕರ್ಚೀಫು ಮುಚ್ಚಿ ಟಾರ್ಚು ಆಡಿಸಿದೆ. ಸತ್ತ ನೊಣಗಳ ರಾಶಿಯಲ್ಲಿ ಒಂದು ಹಳದಿ ಎಳೆ.

ಮತ್ತೆ ನೋಡಿದೆ. ಕನ್ನಡಿ ಹಿಡಿದು ನೋಡಿದೆ. ಆ ಬಣ್ಣದ ಮರಳು ಈ ಸೀಮೆಯಲ್ಲೆಲ್ಲ ಇದ್ದದ್ದು ಒಂದೇ ತೋಟದಲ್ಲಿ. ಮಳೆಯಾದ ಮೇಲೆ ಹಳದಿ ಪುಡಿ ಉಳಿದದ್ದೂ ಒಂದೇ ತಟ್ಟೆಗಾಗುವಷ್ಟು, ನಲವತ್ತೊಂದನೆಯ ಮರದಡಿಯ ತಟ್ಟೆಗೆ. ಪಕ್ಕದಲ್ಲಿ ಬಸ್ಸುಗಳು ಹಾರನ್ನು ಹೊಡೆದುಕೊಂಡು ಹೋಗುತ್ತಿದ್ದವು.

ಸಂಜೆಯ ಮೊದಲೇ ಜಿನನಾಥಪುರಕ್ಕೆ ಗಾಡಿ ತಿರುಗಿಸಿದೆ. ಟೀಚರಮ್ಮ ಹೊತ್ತು ಮುಳುಗುವ ಮುಂಚಿನ ಊಟ ಮುಗಿಸಿ ಜಗಲಿಯಲ್ಲಿದ್ದರು. ಹತ್ತಿಯ ಮೇಲಿಟ್ಟ ನೊಣವನ್ನು ಅವರ ಅಂಗೈಗೆ ಕೊಟ್ಟು, ಸೆರಗಿನ ಮರೆಯಲ್ಲಿ ಟಾರ್ಚು ಬಿಟ್ಟೆ.

"ನಮ್ದು," ಎಂದರು. "ಎಷ್ಟು ದೂರ ಹೋಗಿತ್ತು?"

"ಹನ್ನೆರಡು ಕಿಲೋಮೀಟರಿಗೆ ಕಮ್ಮಿ ಇಲ್ಲ."

"ಹಾರ್ಕೊಂಡೇ?"

"ಗೊತ್ತಿಲ್ಲಮ್ಮ. ಹಾರಿರಬಹುದು. ಹಣ್ಣಿನ ಕ್ರೇಟಿನ ಜೊತೆ ಗಾಡೀಲಿ ಹೋಗಿದ್ರೂ ಹೋಗಿರಬಹುದು. ಯಾರೂ ನೋಡಿಲ್ಲ."

ಅವರು ಅದನ್ನು ಬಹಳ ಹೊತ್ತು ನೋಡಿದರು. ಆರು ತಿಂಗಳಲ್ಲಿ ಅವರ ಕೈಗೆ ನಾನು ಸತ್ತ ನೊಣ ಕೊಟ್ಟದ್ದು ಅದೇ ಮೊದಲು ಎಂದು ನನಗೆ ಆಗ ಹೊಳೆಯಿತು. ಯಾವ ಡಬ್ಬದಲ್ಲಿ ಸತ್ತಿತು ಎಂದು ಅವರು ಕೇಳಲಿಲ್ಲ.

"ಇದು ನಿಮಗೆ ಬೇಕೇ?" ಎಂದರು.

ಬೇಕು. ನಿಯಮದಂತೆ ಅಂಥ ನೊಣಕ್ಕೆ ಸೂಜಿ ಚುಚ್ಚಿ, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿಟ್ಟು ಸಂಖ್ಯೆ ಕೊಡಬೇಕು. ನನ್ನ ಕೆಲಸದ ಅತಿ ದೊಡ್ಡ ಪುರಾವೆ ಅದು. "ಇಲ್ಲಮ್ಮ," ಎಂದೆ.

ಟೀಚರಮ್ಮ ಎದ್ದು, ನಿಧಾನಕ್ಕೆ ಮರಗಳ ಸಾಲಿನಲ್ಲಿ ನಡೆದು, ನಲವತ್ತೊಂದನೆಯದರ ಕೆಳಗೆ ಬಗ್ಗಿದರು. ತಟ್ಟೆ ತೆಗೆದ ಜಾಗದಲ್ಲಿ ಮರಳು ಇನ್ನೂ ಚೆಲ್ಲಿತ್ತು. ಬಾವಿಗೆ ಬಿಂದಿಗೆ ಇಳಿಸುವಷ್ಟೇ ಮೆಲ್ಲಗೆ ಅದನ್ನು ಅಲ್ಲಿ ಇಳಿಸಿ, ಒಂದು ಸೀಬೆ ಎಲೆ ಮುಚ್ಚಿದರು.

"ಎಲ್ಲಿಂದ ಬಂತೋ ಅಲ್ಲಿಗೇ," ಎಂದರು.

ಆ ವಾರದ ಕೋಷ್ಟಕದಲ್ಲಿ ಅದರ ಸಾಲು ತುಂಬಿದೆ. ಜಾತಿ, ದಿನ, ಸಿಕ್ಕಿದ ಊರು, ಹಣೆಯ ಬಣ್ಣ. ಕೊನೆಯ ಅಂಕಣ, ಮಾದರಿಯನ್ನು ಎಲ್ಲಿ ಇಡಲಾಗಿದೆ ಎಂಬುದು. ಅಲ್ಲಿ ಪೆಟ್ಟಿಗೆಯ ಸಂಖ್ಯೆ ಬರೆಯಬೇಕು. ನಾನು ಮರದ ಸಂಖ್ಯೆ ಬರೆದೆ.